ಧರ್ಮಗಳ ಉಗಮದಲ್ಲಿ ನೆಲ, ನೀರು ಮತ್ತು ಜನಜೀವನ

ಪ್ರೌಢಶಾಲೆಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಇತಿಹಾಸ ಒಂದು ವಿಭಾಗ, ಭೂಗೋಳ ಇನ್ನೊಂದು ವಿಭಾಗ. ಪಾಠದ ಅನುಕೂಲಕ್ಕಾಗಿ ಹೀಗೆ ವಿಂಗಡಿಸಿರುವುದು ಸರಿಯೇ. ಆದರೆ ಜನಜೀವನದಲ್ಲಿ ಈ ಎರಡರ ನಡುವೆ ಗೋಡೆಯಿಲ್ಲ. ‘ಹೊಸ ಧರ್ಮಗಳ ಉದಯ’ ಎಂಬ ಪಾಠವನ್ನೇ ತೆಗೆದುಕೊಳ್ಳಿ. ಜೈನ, ಬೌದ್ಧ ಧರ್ಮಗಳು ಹುಟ್ಟಲು ಕಾರಣಗಳೇನು ಎಂದು ಕೇಳಿದರೆ ವಿದ್ಯಾರ್ಥಿಗಳು ಥಟ್ಟನೆ ಹೇಳುತ್ತಾರೆ: ಯಜ್ಞಯಾಗಗಳು ದುಬಾರಿಯಾದವು, ಪ್ರಾಣಿಬಲಿ ಹೆಚ್ಚಿತು, ವರ್ಣಭೇದ ಬಿಗಿಯಾಯಿತು, ಸಂಸ್ಕೃತ ಜನಸಾಮಾನ್ಯರಿಗೆ ತಿಳಿಯುತ್ತಿರಲಿಲ್ಲ. ಈ ಉತ್ತರಕ್ಕೆ ಪೂರ್ಣ ಅಂಕ ಸಿಗುತ್ತದೆ. ಆದರೂ ಒಂದು ಪ್ರಶ್ನೆ ಉಳಿದುಬಿಡುತ್ತದೆ. ಯಜ್ಞಯಾಗಗಳ ಕೇಂದ್ರವಾಗಿದ್ದದ್ದು ಗಂಗಾ-ಯಮುನೆಗಳ ಮೇಲ್ಭಾಗದ ಕುರು-ಪಾಂಚಾಲ ದೇಶ. ಹೊಸ ಧರ್ಮಗಳು ಹುಟ್ಟಿದ್ದು ಅಲ್ಲಲ್ಲ, ಅಲ್ಲಿಂದ ನೂರಾರು ಕಿಲೋಮೀಟರ್ ಪೂರ್ವಕ್ಕೆ, ಮಗಧ, ಕೋಸಲ, ವೈಶಾಲಿಗಳ ಸುತ್ತಮುತ್ತ. ಅಲ್ಲಿಯೇ ಏಕೆ?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಇತಿಹಾಸದ ಪುಟದ ಪಕ್ಕದಲ್ಲಿ ಭೂಪಟವನ್ನೂ ಬಿಡಿಸಿಟ್ಟುಕೊಳ್ಳಬೇಕು. ಮಳೆ ಎಷ್ಟು, ನದಿ ಯಾವಾಗ ಉಕ್ಕುತ್ತದೆ, ಬೆಳೆ ಯಾವುದು, ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದೆಲ್ಲ ಧರ್ಮದ ಚರಿತ್ರೆಯಲ್ಲಿಯೂ ಲೆಕ್ಕಕ್ಕೆ ಬರುತ್ತದೆ. ಹಾಗೆಂದು ಧರ್ಮವನ್ನು ಮಳೆ ಬಿಸಿಲುಗಳ ಬೆಳೆ ಎಂದು ತೀರ್ಮಾನಿಸುವುದೂ ಅವಸರದ ಮಾತು. ನೆಲವು ಮನುಷ್ಯನ ಮುಂದೆ ಕೆಲವು ಪ್ರಶ್ನೆಗಳನ್ನು ಇಡುತ್ತದೆ. ಉತ್ತರಿಸಲು ಬೇಕಾದ ಮಾತನ್ನೂ ಉಪಮೆಯನ್ನೂ ಕೊಡುತ್ತದೆ. ಆದರೆ ಉತ್ತರವನ್ನು ಕಂಡುಕೊಳ್ಳುವವನು ಮನುಷ್ಯನೇ. ಈ ಲೇಖನದಲ್ಲಿ ಆ ಮಾತನ್ನು ಕೆಲವು ಉದಾಹರಣೆಗಳ ಮೂಲಕ, ಮುಖ್ಯವಾಗಿ ಗಂಗಾ ಬಯಲಿನ ಉದಾಹರಣೆಯ ಮೂಲಕ, ವಿವರಿಸಲು ಪ್ರಯತ್ನಿಸಿದ್ದೇನೆ.

ಎರಡು ನದಿ ನಾಡುಗಳು

ಮೊದಲು ಅತ್ಯಂತ ಹಳೆಯ ಎರಡು ನಾಗರಿಕತೆಗಳನ್ನು ನೋಡೋಣ. ಈಜಿಪ್ಟಿನ ನೈಲ್ ನದಿ ಪ್ರತಿವರ್ಷ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಉಕ್ಕುತ್ತಿತ್ತು. ಜೂನ್ ತಿಂಗಳಲ್ಲಿ ಏರತೊಡಗಿದ ನೀರು ಅಕ್ಟೋಬರ್ ಹೊತ್ತಿಗೆ ಇಳಿದು, ದಡದ ಹೊಲಗಳ ಮೇಲೆ ಕಪ್ಪು ಮೆಕ್ಕಲು ಮಣ್ಣನ್ನು ಬಿಟ್ಟು ಹೋಗುತ್ತಿತ್ತು. ನೀರಿಳಿದ ಮೇಲೆ ಬಿತ್ತನೆ, ಬೇಸಿಗೆಗೆ ಮುಂಚೆ ಕೊಯ್ಲು. ಆ ಜನ ತಮ್ಮ ದೇಶವನ್ನು ‘ಕರಿಯ ನೆಲ’ ಎಂಬ ಅರ್ಥದ ಹೆಸರಿನಿಂದಲೇ ಕರೆದುಕೊಂಡರು. ಅವರ ಧರ್ಮದಲ್ಲಿ ‘ಮಅತ್’ ಎಂಬ ಕಲ್ಪನೆಗೆ ದೊಡ್ಡ ಸ್ಥಾನವಿತ್ತು. ಅದರ ಅರ್ಥ ವಿಶ್ವದ ಕ್ರಮ, ಸತ್ಯ, ನ್ಯಾಯ. ಸತ್ತು ಮತ್ತೆ ಬದುಕುವ ಒಸಿರಿಸ್ ದೇವತೆ ಧಾನ್ಯಕ್ಕೂ ನದಿಯ ಉಕ್ಕಿಗೂ ಸಂಬಂಧಪಟ್ಟವನು. ದಡದಾಚೆಯ ಒಣ ಮರಳಿನಲ್ಲಿ ಹೂತ ಶವಗಳು ಕೊಳೆಯದೆ ಉಳಿಯುತ್ತಿದ್ದವು. ಸಾವಿನ ನಂತರವೂ ದೇಹ ಬೇಕಾಗುತ್ತದೆ ಎಂಬ ನಂಬಿಕೆಗೆ ಈ ಅನುಭವವೂ ಒಂದು ಆಧಾರವಾಗಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಮೆಸೊಪೊಟೇಮಿಯದ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ಸ್ವಭಾವವೇ ಬೇರೆ. ಉತ್ತರದ ಪರ್ವತಗಳ ಹಿಮ ಕರಗಿದಾಗ ಅವು ವಸಂತ ಕಾಲದಲ್ಲಿ, ಅಂದರೆ ಹೊಲದಲ್ಲಿ ಪೈರು ಬಲಿತು ನಿಂತಿರುವಾಗ ಉಕ್ಕುತ್ತಿದ್ದವು. ಯಾವ ವರ್ಷ ಎಷ್ಟು ನೀರು ಬರುತ್ತದೆಂದು ಹೇಳುವಂತಿರಲಿಲ್ಲ. ಕೆಲವೊಮ್ಮೆ ನದಿ ತನ್ನ ಪಾತ್ರವನ್ನೇ ಬದಲಿಸಿ ಊರುಗಳನ್ನು ಒಣಗಿಸುತ್ತಿತ್ತು. ಅಲ್ಲಿಯ ಕಥೆಗಳಲ್ಲಿ ದೇವತೆಗಳು ಮನುಷ್ಯರ ಮೇಲೆ ಮುನಿದು ಮಹಾಪ್ರಳಯವನ್ನು ಕಳಿಸುತ್ತಾರೆ. ಗಿಲ್ಗಮೇಶ್ ಎಂಬ ರಾಜನ ಮಹಾಕಾವ್ಯದಲ್ಲಿ ಈ ಪ್ರಳಯದ ಕಥೆಯಿದೆ. ಆ ರಾಜ ಅಮರತ್ವವನ್ನು ಹುಡುಕಿ ಹೊರಟು ಬರಿಗೈಯಲ್ಲಿ ಮರಳುತ್ತಾನೆ. ಈಜಿಪ್ಟಿನವರಿಗೆ ಸಾವಿನಾಚೆಯ ಬದುಕು ಹಸಿರು ಹೊಲದಂತೆ ಕಂಡರೆ, ಇವರಿಗೆ ಅದು ಕತ್ತಲು, ಧೂಳು ತುಂಬಿದ ಲೋಕವಾಗಿ ಕಂಡಿತು.

ಎರಡೂ ನದಿಯನ್ನು ನಂಬಿದ ನಾಡುಗಳೇ. ಆದರೆ ನದಿಯ ನಡತೆ ಬೇರೆಯಾದಂತೆ ದೇವರ ನಡತೆಯೂ ಬೇರೆಯಾಯಿತು. ನೆಲಕ್ಕೂ ನಂಬಿಕೆಗೂ ಇರುವ ನಂಟನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ಸದಾನೀರಾ ನದಿಯಾಚೆ

ಈಗ ನಮ್ಮ ದೇಶಕ್ಕೆ ಬರೋಣ. ಶತಪಥ ಬ್ರಾಹ್ಮಣದಲ್ಲಿ ವಿದೇಘ ಮಾಥವ ಎಂಬ ರಾಜನ ಕಥೆಯೊಂದಿದೆ. ಅಗ್ನಿಯು ಸರಸ್ವತೀ ತೀರದಿಂದ ಹೊರಟು ನೆಲವನ್ನು ಸುಡುತ್ತ ಪೂರ್ವಕ್ಕೆ ಸಾಗಿ, ಸದಾನೀರಾ ನದಿಯ ಬಳಿ ನಿಂತುಬಿಟ್ಟಿತಂತೆ. ಹಿಂದೆ ಬ್ರಾಹ್ಮಣರು ಆ ನದಿಯನ್ನು ದಾಟುತ್ತಿರಲಿಲ್ಲ. ಆಚೆಯ ನೆಲ ಜೌಗಾಗಿತ್ತು, ಉಳುಮೆಗೆ ಬಾರದ್ದಾಗಿತ್ತು. ಈಗ ಅಲ್ಲಿಯೂ ಬೇಸಾಯ ನಡೆಯುತ್ತಿದೆ ಎಂದು ಆ ಗ್ರಂಥ ಹೇಳುತ್ತದೆ. ಈ ಸದಾನೀರಾ ನದಿಯನ್ನು ಇಂದಿನ ಗಂಡಕ್ ನದಿಯೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ವೈಶಾಲಿ ಇರುವುದು ಆ ನದಿಯ ಪೂರ್ವಕ್ಕೆ. ಅಂದರೆ ಮಹಾವೀರ ಹುಟ್ಟಿದ ನಾಡು, ವೈದಿಕ ಆಚರಣೆಗಳು ತಡವಾಗಿ ತಲುಪಿದ, ಇನ್ನೂ ಆಳವಾಗಿ ಬೇರೂರದಿದ್ದ ನಾಡು.

ಈ ಪೂರ್ವದ ಬಯಲಿನಲ್ಲಿ ವರ್ಷಕ್ಕೆ 1000 ಮಿಲಿಮೀಟರಿನ ಆಸುಪಾಸಿನಲ್ಲಿ, ಕೆಲವೆಡೆ ಅದಕ್ಕಿಂತಲೂ ಹೆಚ್ಚು ಮಳೆ ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಮಣ್ಣು ಮೆಕ್ಕಲು. ಇಂಥ ನೆಲಕ್ಕೆ ತಕ್ಕ ಬೆಳೆ ಭತ್ತ. ಸಸಿ ಬೆಳೆಸಿ, ಕಿತ್ತು, ಕೆಸರುಗದ್ದೆಯಲ್ಲಿ ನಾಟಿ ಮಾಡುವ ಪದ್ಧತಿ ಬಂದ ಮೇಲೆ ಇಳುವರಿ ಹೆಚ್ಚಿತು. ಕಾಡು ಕಡಿಯಲು ಕಬ್ಬಿಣದ ಕೊಡಲಿ, ಉಳಲು ಕಬ್ಬಿಣದ ಗುಳ ಬಂದವು. ಕಬ್ಬಿಣವೇ ಎಲ್ಲಕ್ಕೂ ಮೂಲವೆಂದು ಆರ್.ಎಸ್. ಶರ್ಮರಂಥ ಇತಿಹಾಸಕಾರರು ವಾದಿಸಿದರು. ಕಾಡು ಒಮ್ಮೆಲೇ ಕರಗಲಿಲ್ಲ, ಕಬ್ಬಿಣಕ್ಕೆ ಅಷ್ಟು ಮಹತ್ವ ಕೊಡಬೇಕಾಗಿಲ್ಲ ಎಂದು ಬೇರೆಯವರು ಆಕ್ಷೇಪಿಸಿದರು. ಆದರೆ ಕ್ರಿ.ಪೂ. 6-5ನೇ ಶತಮಾನಗಳ ಹೊತ್ತಿಗೆ ಈ ಬಯಲಿನಲ್ಲಿ ಉಂಡು ಮಿಗುವಷ್ಟು ಧಾನ್ಯ ಬೆಳೆಯುತ್ತಿತ್ತು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಮಿಗುತಾಯ ಧಾನ್ಯವಿದ್ದಲ್ಲಿ ನಗರ ಏಳುತ್ತದೆ. ಬೌದ್ಧರ ಮಹಾಪರಿನಿಬ್ಬಾಣ ಸುತ್ತದಲ್ಲಿ ಒಂದು ಪ್ರಸಂಗ ಬರುತ್ತದೆ. ಕುಶಿನಾರದಂಥ ಸಣ್ಣ ಊರಿನಲ್ಲಿ ದೇಹ ಬಿಡಬೇಡಿ ಎಂದು ಶಿಷ್ಯ ಆನಂದ ಬುದ್ಧನನ್ನು ಬೇಡಿಕೊಳ್ಳುತ್ತ ಆರು ಮಹಾನಗರಗಳ ಹೆಸರು ಹೇಳುತ್ತಾನೆ: ಚಂಪಾ, ರಾಜಗೃಹ, ಶ್ರಾವಸ್ತಿ, ಸಾಕೇತ, ಕೌಶಾಂಬಿ, ವಾರಾಣಸಿ. ಆರೂ ಗಂಗಾ ಬಯಲಿನವೇ. ಈ ನಗರಗಳಲ್ಲಿ ಅಚ್ಚೊತ್ತಿದ ಬೆಳ್ಳಿಯ ನಾಣ್ಯಗಳು ಓಡಾಡಿದವು. ಶ್ರೇಷ್ಠಿಗಳು, ಸಾರ್ಥವಾಹರು, ಕುಶಲಕರ್ಮಿಗಳ ಶ್ರೇಣಿಗಳು ಕಾಣಿಸಿಕೊಂಡವು. ವಾಯವ್ಯದ ತಕ್ಷಶಿಲೆಯತ್ತ ಉತ್ತರಾಪಥ, ದಕ್ಷಿಣದ ಪ್ರತಿಷ್ಠಾನದತ್ತ ದಕ್ಷಿಣಾಪಥ ಹಾದುಹೋದವು.

ಹೊಸ ಬದುಕಿನೊಂದಿಗೆ ಹೊಸ ಸಂಕಟಗಳೂ ಬಂದವು. ಕುಲ, ಬಂಧುಬಳಗದ ಆಸರೆ ಬಿಟ್ಟು ನಗರಕ್ಕೆ ಬಂದವನು ಅಪರಿಚಿತರ ನಡುವೆ ಬಾಳಬೇಕಾಯಿತು. ಸಾಲ, ಬಡ್ಡಿ, ದಾಸ್ಯ ಹೆಚ್ಚಿದವು. ಬೇಸಾಯಕ್ಕೆ ಎತ್ತು ಬೇಕಾದ ಕಾಲದಲ್ಲಿ ಯಜ್ಞಕ್ಕೆ ದನ ಕೊಲ್ಲುವುದು ರೈತನಿಗೆ ನಷ್ಟವಾಗಿ ಕಂಡಿತು. ಸುತ್ತನಿಪಾತದ ಒಂದು ಸುತ್ತದಲ್ಲಿ ಗೋವುಗಳನ್ನು ತಾಯಿತಂದೆಗಳಿಗೆ ಹೋಲಿಸಿ, ಅನ್ನ, ಬಲ, ಸುಖ ಕೊಡುವ ಅವುಗಳನ್ನು ಕೊಲ್ಲಬಾರದೆಂದು ಹೇಳಿರುವುದು ಈ ಹಿನ್ನೆಲೆಯಲ್ಲಿಯೇ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನೂ ಬಡ್ಡಿ ವ್ಯವಹಾರವನ್ನೂ ಮೆಚ್ಚುವುದಿಲ್ಲ. ವ್ಯಾಪಾರಿಗಳಿಗೆ ಬೇಕಾಗಿದ್ದದ್ದು ತಮ್ಮ ವೃತ್ತಿಯನ್ನು ಹೀನವೆನ್ನದೆ, ಅದರಲ್ಲಿ ಪ್ರಾಮಾಣಿಕವಾಗಿರು ಎಂದು ಹೇಳುವ ಧರ್ಮ. ಬುದ್ಧನ ಮೊದಲ ಗೃಹಸ್ಥ ಅನುಯಾಯಿಗಳು ತಪುಸ್ಸ, ಭಲ್ಲಿಕ ಎಂಬ ಇಬ್ಬರು ಪ್ರಯಾಣಿಕ ವ್ಯಾಪಾರಿಗಳೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಶ್ರಾವಸ್ತಿಯ ಶ್ರೇಷ್ಠಿ ಅನಾಥಪಿಂಡಿಕ ಜೇತವನದ ನೆಲದ ಮೇಲೆ ನಾಣ್ಯ ಹಾಸಿ ಅದನ್ನು ಕೊಂಡು ಸಂಘಕ್ಕೆ ಕೊಟ್ಟ ಕಥೆ ಪ್ರಸಿದ್ಧ. ಈ ದೃಶ್ಯವನ್ನು ಭಾರ್ಹುತ್ ಸ್ತೂಪದ ಕಲ್ಲಿನಲ್ಲಿಯೂ ಕೆತ್ತಿದ್ದಾರೆ.

ಮಳೆಗಾಲ ಕಟ್ಟಿದ ವಿಹಾರ, ಗದ್ದೆ ಕೊಟ್ಟ ಚೀವರ

ಭೂಗೋಳದ ಗುರುತು ದೊಡ್ಡ ತತ್ತ್ವಗಳಿಗಿಂತ ಸಣ್ಣ ಪುಟ್ಟ ನಿಯಮಗಳಲ್ಲಿ ಚೆನ್ನಾಗಿ ಕಾಣುತ್ತದೆ. ಬೌದ್ಧ ಭಿಕ್ಷುಗಳ ನಿಯಮಗಳ ಸಂಗ್ರಹವಾದ ವಿನಯ ಪಿಟಕದಲ್ಲಿ ಇದಕ್ಕೆ ಎರಡು ಒಳ್ಳೆಯ ನಿದರ್ಶನಗಳಿವೆ.

ಮೊದಲನೆಯದು ವರ್ಷಾವಾಸ. ಆರಂಭದಲ್ಲಿ ಭಿಕ್ಷುಗಳು ವರ್ಷವಿಡೀ ಊರಿಂದೂರಿಗೆ ತಿರುಗುತ್ತಿದ್ದರು. ಮಳೆಗಾಲದಲ್ಲಿಯೂ ಇವರು ಓಡಾಡಿ ಹಸಿರು ಪೈರನ್ನು ತುಳಿಯುತ್ತಾರೆ, ಸಣ್ಣ ಜೀವಿಗಳನ್ನು ಕೊಲ್ಲುತ್ತಾರೆ ಎಂದು ಜನ ದೂರಿದರು. ಆಗ ಬುದ್ಧನು ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲಬೇಕೆಂದು ವಿಧಿಸಿದನು. ಜೈನ ಮುನಿಗಳ ಚಾತುರ್ಮಾಸ ನಾಲ್ಕು ತಿಂಗಳಿನದು. ತಾತ್ಕಾಲಿಕ ಗುಡಿಸಲುಗಳು ಕ್ರಮೇಣ ಶಾಶ್ವತ ವಿಹಾರಗಳಾದವು. ವಿಹಾರಗಳಲ್ಲಿ ಉಪದೇಶಗಳನ್ನು ಒಟ್ಟಾಗಿ ಪಠಿಸಿ ನೆನಪಿನಲ್ಲಿ ಉಳಿಸಿಕೊಳ್ಳುವ ಏರ್ಪಾಡು ಬೆಳೆಯಿತು. ಮುಂದೆ ನಾಳಂದದಂಥ ವಿದ್ಯಾಕೇಂದ್ರಗಳು ಬೆಳೆದದ್ದು ಈ ವಿಹಾರಗಳಿಂದಲೇ. ಮುಂಗಾರು ಮಳೆ ಇಲ್ಲದ ದೇಶದಲ್ಲಿ ಇದೇ ಧರ್ಮ ಹುಟ್ಟಿದ್ದರೆ ಅದರ ಸಂಘದ ರೂಪ ಬೇರೆಯೇ ಆಗಿರುತ್ತಿತ್ತು.

ಎರಡನೆಯದು ಭಿಕ್ಷುಗಳ ಬಟ್ಟೆ. ಬುದ್ಧನು ದಕ್ಷಿಣಾಗಿರಿಯ ಕಡೆ ಹೋಗುವಾಗ ಮಗಧದ ಗದ್ದೆಗಳನ್ನು ಕಂಡನು. ಉದ್ದ ಬದು, ಅಡ್ಡ ಬದುಗಳಿಂದ ಅವು ಮಡಿ ಮಡಿಯಾಗಿ ಕಾಣುತ್ತಿದ್ದವು. ಭಿಕ್ಷುಗಳ ಚೀವರವನ್ನು ಹೀಗೆಯೇ ಹೊಲಿಯಲಾದೀತೇ ಎಂದು ಆನಂದನನ್ನು ಕೇಳಿದನು. ಆನಂದನು ತುಂಡು ಬಟ್ಟೆಗಳನ್ನು ಆ ವಿನ್ಯಾಸದಲ್ಲಿ ಸೇರಿಸಿ ಹೊಲಿದನು. ಇಂದಿಗೂ ಶ್ರೀಲಂಕಾ, ಥಾಯ್ಲೆಂಡ್, ಜಪಾನ್ ದೇಶಗಳ ಭಿಕ್ಷುಗಳ ಚೀವರದಲ್ಲಿ ಮಗಧದ ಭತ್ತದ ಗದ್ದೆಯ ಈ ವಿನ್ಯಾಸವಿದೆ. ನಮ್ಮ ಬೈಲಕುಪ್ಪೆಯ ಟಿಬೆಟನ್ ಶಿಬಿರಕ್ಕೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಭಿಕ್ಷುಗಳು ಹೊದ್ದಿರುವ ವಸ್ತ್ರದ ಹೊಲಿಗೆಯನ್ನು ಒಮ್ಮೆ ಗಮನಿಸಿ ನೋಡಬೇಕು.

ಸಂಘ ಎಂಬ ಹೆಸರೂ ನೆಲದಿಂದಲೇ ಬಂದದ್ದು. ಹಿಮಾಲಯದ ತಪ್ಪಲಿನಲ್ಲಿ ಶಾಕ್ಯರು, ವೈಶಾಲಿಯಲ್ಲಿ ವೃಜ್ಜಿಗಳು ಒಬ್ಬ ರಾಜನ ಕೈಕೆಳಗಿರದೆ, ಸಭೆ ಸೇರಿ ಆಡಳಿತ ನಡೆಸುತ್ತಿದ್ದರು. ಇವುಗಳಿಗೆ ಗಣ, ಸಂಘ ಎಂದು ಹೆಸರು. ಬುದ್ಧನು ಶಾಕ್ಯ, ಮಹಾವೀರನು ಜ್ಞಾತೃಕ. ಇಬ್ಬರೂ ಇಂಥ ಗಣಗಳಿಂದ ಬಂದವರು. ಒಟ್ಟಿಗೆ ಸೇರುವುದು, ಒಮ್ಮತದಿಂದ ತೀರ್ಮಾನಿಸುವುದು, ಹಿರಿಯರನ್ನು ಗೌರವಿಸುವುದು, ಇವನ್ನು ಪಾಲಿಸುವವರೆಗೆ ವೃಜ್ಜಿಗಳಿಗೆ ಸೋಲಿಲ್ಲ ಎಂದ ಬುದ್ಧನು ಅದೇ ಮಾತನ್ನು ಭಿಕ್ಷು ಸಂಘಕ್ಕೂ ಹೇಳಿದನು. ಮಗಧದ ರಾಜ ಅಜಾತಶತ್ರು ಕೊನೆಗೆ ವೃಜ್ಜಿಗಳನ್ನು ಗೆದ್ದುಕೊಂಡನು. ಗಣರಾಜ್ಯ ಹೋಯಿತು, ಆದರೆ ಅದರ ರೀತಿನೀತಿ ಭಿಕ್ಷು ಸಂಘದಲ್ಲಿ ಉಳಿಯಿತು. ಇದು ಸಂಸ್ಕೃತಿಯ ಪ್ರಭಾವಕ್ಕೆ ಉದಾಹರಣೆ.

ಒಂದೇ ನೆಲ, ಹಲವು ಉತ್ತರ

ಇಷ್ಟೆಲ್ಲ ಓದಿದ ಮೇಲೆ, ಗಂಗಾ ಬಯಲೇ ಬೌದ್ಧ ಧರ್ಮವನ್ನು ಹುಟ್ಟಿಸಿತು ಎನ್ನಬಹುದೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ಅದೇ ಕಾಲದಲ್ಲಿ, ಅದೇ ರಾಜಗೃಹ ಶ್ರಾವಸ್ತಿಗಳ ಬೀದಿಗಳಲ್ಲಿ, ಅದೇ ಭತ್ತದ ಅನ್ನವನ್ನು ಭಿಕ್ಷೆಯಾಗಿ ಪಡೆದ ಬೇರೆ ಬೇರೆ ಗುರುಗಳಿದ್ದರು. ದೀಘನಿಕಾಯದ ಸಾಮಞ್ಞಫಲ ಸುತ್ತದಲ್ಲಿ ಅಜಾತಶತ್ರು ತಾನು ಕಂಡ ಆರು ಮಂದಿ ಗುರುಗಳ ಮತವನ್ನು ಹೇಳುತ್ತಾನೆ. ಆಜೀವಿಕರ ಮಕ್ಖಲಿ ಗೋಸಾಲನ ಪ್ರಕಾರ ಎಲ್ಲವೂ ನಿಯತಿ. ಮನುಷ್ಯನ ಪ್ರಯತ್ನದಿಂದ ಏನೂ ಬದಲಾಗದು. ಅಜಿತ ಕೇಶಕಂಬಲಿಯ ಪ್ರಕಾರ ದೇಹ ನಾಲ್ಕು ಭೂತಗಳಿಂದಾದದ್ದು. ಸತ್ತ ಮೇಲೆ ಏನೂ ಉಳಿಯುವುದಿಲ್ಲ. ಮಹಾವೀರನ ಮಾರ್ಗ ಕಠಿಣ ತಪಸ್ಸು ಮತ್ತು ಪರಿಪೂರ್ಣ ಅಹಿಂಸೆ. ಬುದ್ಧನದು ಭೋಗಕ್ಕೂ ದೇಹದಂಡನೆಗೂ ನಡುವಿನ ಮಧ್ಯಮ ಮಾರ್ಗ. ಪಕ್ಕದ ವಿದೇಹದಲ್ಲಿಯೇ ಉಪನಿಷತ್ತಿನ ಯಾಜ್ಞವಲ್ಕ್ಯನು ಆತ್ಮದ ವಿಚಾರವನ್ನು ಜನಕರಾಜನ ಸಭೆಯಲ್ಲಿ ಬೋಧಿಸಿದ್ದನು. ಬುದ್ಧನಾದರೋ ಶಾಶ್ವತ ಆತ್ಮವಿಲ್ಲ ಎಂದನು.

ಮಳೆ ಒಂದೇ, ಮಣ್ಣು ಒಂದೇ, ಬೆಳೆ ಒಂದೇ. ಉತ್ತರಗಳು ಮಾತ್ರ ಒಂದಕ್ಕೊಂದು ವಿರುದ್ಧ. ಸಂಪತ್ತಿನ ನಡುವೆಯೂ ದುಃಖವೇಕೆ, ಹುಟ್ಟು ಸಾವುಗಳ ಚಕ್ರದಿಂದ ಬಿಡುಗಡೆ ಹೇಗೆ ಎಂಬ ಪ್ರಶ್ನೆಗಳು ಆ ನಾಡಿನಲ್ಲಿ ಆ ಕಾಲಕ್ಕೆ ಎದ್ದದ್ದು ಏಕೆಂದು ಭೂಗೋಳ ಮತ್ತು ಸಮಾಜದ ಸ್ಥಿತಿಯಿಂದ ಅರ್ಥವಾಗುತ್ತದೆ. ಸಿದ್ಧಾರ್ಥನು ಕೊಟ್ಟ ಉತ್ತರ ಏನಾಗಿತ್ತೆಂಬುದನ್ನು ಮಳೆಯ ಅಂಕಿಅಂಶದಿಂದ ತಿಳಿಯಲಾಗದು. ಅದನ್ನು ತಿಳಿಯಲು ಅವನ ಮಾತನ್ನೇ ಕೇಳಬೇಕು.

ಮರುಭೂಮಿಯ ಬಗೆಗೆ ಒಂದು ಅವಸರದ ಮಾತು

ಇದೇ ಎಚ್ಚರಿಕೆ ಪಶ್ಚಿಮ ಏಷ್ಯಾದ ವಿಷಯದಲ್ಲಿಯೂ ಬೇಕು. 19ನೇ ಶತಮಾನದ ಫ್ರೆಂಚ್ ವಿದ್ವಾಂಸ ಅರ್ನೆಸ್ಟ್ ರೆನಾನ್, ಮರುಭೂಮಿಗೂ ಏಕದೇವತಾ ನಂಬಿಕೆಗೂ ನೇರ ಸಂಬಂಧ ಕಲ್ಪಿಸಿದನು. ಬಯಲು ಮರಳು, ಮೇಲೆ ಒಂದೇ ಆಕಾಶ, ಆದ್ದರಿಂದ ಒಬ್ಬನೇ ದೇವರು ಎಂಬ ಈ ವಾದ ಕೇಳಲು ಸೊಗಸಾಗಿದೆ. ಆದರೆ ಚರಿತ್ರೆ ಅದನ್ನು ಒಪ್ಪುವುದಿಲ್ಲ. ಇಸ್ಲಾಮಿಗೆ ಮುಂಚಿನ ಅರಬರು ಅದೇ ಮರುಭೂಮಿಯಲ್ಲಿ ಅಲ್-ಲಾತ್, ಅಲ್-ಉಝ್ಝಾ, ಮನಾತ್ ಮೊದಲಾದ ಹಲವು ದೇವತೆಗಳನ್ನು ಪೂಜಿಸುತ್ತಿದ್ದರು.

ಇಸ್ಲಾಂ ಹುಟ್ಟಿದ್ದು ಅಲೆಮಾರಿಗಳ ಗುಡಾರದಲ್ಲಲ್ಲ, ಮಕ್ಕಾ ಎಂಬ ವ್ಯಾಪಾರದ ಪಟ್ಟಣದಲ್ಲಿ. ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ ಕಾಣುವ ಆ ಕಣಿವೆಯಲ್ಲಿ ಬೇಸಾಯವಿರಲಿಲ್ಲ. ಝಮ್‌ಝಮ್ ಬಾವಿ, ಕಾಬಾ ಯಾತ್ರೆ ಮತ್ತು ಒಂಟೆಗಳ ಸಾರ್ಥ, ಇವೇ ಅಲ್ಲಿಯ ಜೀವಾಧಾರ. ಖುರೈಷರ ಚಳಿಗಾಲದ ಮತ್ತು ಬೇಸಿಗೆಯ ವ್ಯಾಪಾರ ಪ್ರಯಾಣಗಳ ಪ್ರಸ್ತಾಪ ಕುರಾನಿನಲ್ಲಿಯೇ ಇದೆ. ಹಣ ಬಂದಂತೆ ಕುಲದ ಹಳೆಯ ಕಟ್ಟುಪಾಡು ಸಡಿಲವಾಗಿ ಅನಾಥರು, ವಿಧವೆಯರು, ಬಡವರು ದಿಕ್ಕಿಲ್ಲದವರಾದರು. ಕ್ರಿ.ಶ. 610ರ ಸುಮಾರಿಗೆ ಪ್ರವಾದಿ ಮುಹಮ್ಮದರು ಬೋಧನೆ ಆರಂಭಿಸಿದಾಗ ದೇವರೊಬ್ಬನೇ ಎಂಬುದರ ಜೊತೆಗೆ ಅನಾಥರ ಆಸ್ತಿ ನುಂಗಬೇಡಿ, ತೂಕದಲ್ಲಿ ಮೋಸ ಮಾಡಬೇಡಿ ಎಂದದ್ದಕ್ಕೆ ಈ ಹಿನ್ನೆಲೆಯಿದೆ. ನಗರ, ವ್ಯಾಪಾರ, ಅಸಮಾನತೆ ಎಂಬ ವಿಷಯದಲ್ಲಿ ಮಕ್ಕಾ ಪಟ್ಟಣವು ಮರಳುಗಾಡಿಗಿಂತ ರಾಜಗೃಹಕ್ಕೇ ಹತ್ತಿರವಾಗಿ ಕಾಣುತ್ತದೆ! ಹಾಗೆಂದು ಮರುಭೂಮಿಯ ಗುರುತು ಇಲ್ಲವೆಂದಲ್ಲ. ನಮಾಜಿಗೆ ಮುನ್ನ ಕೈಕಾಲು ತೊಳೆಯಲು ನೀರು ಸಿಗದಿದ್ದರೆ ಶುದ್ಧ ಮಣ್ಣನ್ನು ಮುಟ್ಟಿ ಶುದ್ಧಿ ಮಾಡಿಕೊಳ್ಳುವ ‘ತಯಮ್ಮುಮ್’ ನಿಯಮ ನೀರಿನ ಬೆಲೆ ಬಲ್ಲ ನಾಡಿನದು.

ಯಹೂದಿ ಧರ್ಮದ ಉದಾಹರಣೆ ಇನ್ನೂ ಬೋಧಪ್ರದ. ಇಸ್ರೇಲರ ಗುಡ್ಡನಾಡಿಗೆ ನೈಲ್‌ನಂಥ ನದಿಯಿಲ್ಲ. ಚಳಿಗಾಲದ ಮಳೆಯೇ ಗತಿ. ಮಳೆ ಬರುವುದೂ ಬಾರದಿರುವುದೂ ದೇವರ ಒಪ್ಪಂದಕ್ಕೆ ಜನ ಬದ್ಧರಾಗಿದ್ದಾರೆಯೇ ಎಂಬುದರ ಮೇಲೆ ನಿಂತಿದೆ ಎಂದು ಅವರು ನಂಬಿದರು. ಆದರೆ ಪಕ್ಕದ ಮೋವಾಬ್ ದೇಶದವರ ನೆಲ, ಭಾಷೆ, ಬದುಕು ಎಲ್ಲವೂ ಹೆಚ್ಚುಕಡಿಮೆ ಇದೇ ಬಗೆಯವು. 1868ರಲ್ಲಿ ದೊರೆತ ಕ್ರಿ.ಪೂ. 9ನೇ ಶತಮಾನದ ಮೇಷ ರಾಜನ ಶಿಲಾಶಾಸನದಲ್ಲಿ, ತಮ್ಮ ದೇವರಾದ ಕೆಮೋಷ್ ತನ್ನ ನಾಡಿನ ಮೇಲೆ ಮುನಿದದ್ದರಿಂದ ಮೋವಾಬ್ ಸೋತಿತು ಎಂದು ಬರೆದಿದೆ. ಇಸ್ರೇಲರೂ ತಮ್ಮ ಸೋಲುಗಳಿಗೆ ಇದೇ ಕಾರಣ ಕೊಡುತ್ತಿದ್ದರು. ಇಂದು ಕೆಮೋಷನನ್ನು ಪೂಜಿಸುವವರು ಯಾರೂ ಇಲ್ಲ. ಇಸ್ರೇಲರ ನಂಬಿಕೆ ಮಾತ್ರ ಉಳಿದದ್ದು ಹೇಗೆ?

ನೆಲವನ್ನು ದಾಟಿದ ಧರ್ಮಗಳು

ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿನವರು ಜೆರುಸಲೇಮನ್ನು ಕೆಡವಿ, ದೇವಾಲಯವನ್ನು ಸುಟ್ಟು, ಜನರನ್ನು ಸೆರೆ ಒಯ್ದರು. ನೆಲ, ರಾಜ, ದೇಗುಲ ಮೂರೂ ಹೋದವು. ಅಂದಿನ ಲೆಕ್ಕದಲ್ಲಿ ಅಲ್ಲಿಗೆ ಆ ಧರ್ಮವೂ ಮುಗಿಯಬೇಕಾಗಿತ್ತು. ಆದರೆ ಸೆರೆಯಲ್ಲಿದ್ದವರು ಎಲ್ಲಿದ್ದರೂ ಪಾಲಿಸಬಹುದಾದ ಸಬ್ಬತ್ ದಿನವನ್ನು, ಎಲ್ಲಿಗಾದರೂ ಒಯ್ಯಬಹುದಾದ ಗ್ರಂಥವನ್ನು ಹಿಡಿದುಕೊಂಡರು. ನಮ್ಮ ದೇವರು ಈ ನಾಡಿನವನಷ್ಟೇ ಅಲ್ಲ, ಜಗತ್ತಿಗೆಲ್ಲ ದೇವರು ಎಂಬ ಮಾತು ಅವರ ಪ್ರವಾದಿಗಳ ಬಾಯಲ್ಲಿ ಆಗ ಬಹಳ ಸ್ಪಷ್ಟವಾಗಿ ಮೂಡಿತು. ನೆಲವನ್ನು ಕಳೆದುಕೊಂಡದ್ದರಿಂದಲೇ ಆ ಧರ್ಮ ನೆಲದ ಹಂಗಿಲ್ಲದೆ ಬಾಳುವುದನ್ನು ಕಲಿಯಿತು. ನೈಲ್ ತೀರದ ಧರ್ಮ ತನ್ನ ನದಿ, ರಾಜ, ದೇಗುಲಗಳಿಗೆ ಬಹುಮಟ್ಟಿಗೆ ಅಂಟಿಕೊಂಡೇ ಇದ್ದು, ಅವುಗಳೊಂದಿಗೇ ಮರೆಯಾಯಿತು.

ವಿಶ್ವಧರ್ಮವೆನಿಸಿಕೊಂಡ ಪ್ರತಿಯೊಂದರ ಚರಿತ್ರೆಯಲ್ಲಿಯೂ ಇಂಥ ಒಂದು ದಾಟುವಿಕೆಯನ್ನು ಕಾಣಬಹುದು. ಯೇಸುವಿನ ಸಾಮತಿಗಳಲ್ಲಿ ಗಲಿಲಾಯದ ಬಿತ್ತನೆ, ಕುರಿಮಂದೆ, ಮೀನಿನ ಬಲೆ ತುಂಬಿವೆ. ಆದರೆ ಪೌಲನು ರೋಮನ್ ರಸ್ತೆಗಳಲ್ಲಿ, ಹಡಗುಗಳಲ್ಲಿ ತಿರುಗಿ ಗ್ರೀಕ್ ಭಾಷೆಯಲ್ಲಿ ಬೋಧಿಸಿದನು. ಯಹೂದಿಗಳಲ್ಲದವರು ಸುನ್ನತಿ ಮಾಡಿಸಿಕೊಳ್ಳಬೇಕಾಗಿಲ್ಲ ಎಂದು ತೀರ್ಮಾನವಾದ ಮೇಲೆ ಆ ಧರ್ಮದ ಬಾಗಿಲು ಎಲ್ಲರಿಗೂ ತೆರೆಯಿತು.

ಇಸ್ಲಾಮಿನ ಪಂಚಾಂಗವನ್ನು ಗಮನಿಸಿ. ಚಾಂದ್ರಮಾನ ವರ್ಷಕ್ಕೆ 354 ದಿನ. ನಾವು ಅಧಿಕ ಮಾಸ ಸೇರಿಸಿ ಅದನ್ನು ಋತುಗಳಿಗೆ ಹೊಂದಿಸುತ್ತೇವೆ. ಆದ್ದರಿಂದ ಯುಗಾದಿ ಯಾವಾಗಲೂ ಮಾವು ಬೇವು ಚಿಗುರುವ ಕಾಲಕ್ಕೇ ಬರುತ್ತದೆ. ಯಹೂದಿಗಳೂ ಅಧಿಕ ಮಾಸ ಸೇರಿಸುತ್ತಾರೆ. ಇಸ್ಲಾಮಿನಲ್ಲಿ ಅದಕ್ಕೆ ಅವಕಾಶವಿಲ್ಲ. ಆದ್ದರಿಂದ ರಂಜಾನ್ ತಿಂಗಳು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ, ಹೆಚ್ಚುಕಡಿಮೆ 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಸುಡುಬಿಸಿಲಿನ ಉಪವಾಸ ಯಾವ ಒಂದು ನಾಡಿನವರ ಪಾಲಿಗೂ ಕಾಯಂ ಆಗುವುದಿಲ್ಲ. ಪಕ್ಕದ ಮನೆಯ ಹಬ್ಬ ಪ್ರತಿವರ್ಷ ಬೇರೆ ಕಾಲಕ್ಕೆ ಬರುವುದೇಕೆಂದು ಕೇಳುವ ಮಕ್ಕಳಿಗೆ ಇದೇ ಉತ್ತರ.

ಬೌದ್ಧ ಧರ್ಮ ಚೀನಾಕ್ಕೆ ಹೋದಾಗ ಭಿಕ್ಷಾಟನೆ ಅಲ್ಲಿಯ ಜನರಿಗೆ ಒಗ್ಗಲಿಲ್ಲ. ದುಡಿಯದೆ ಬೇಡುವುದನ್ನು ಅಲ್ಲಿಯ ಸಮಾಜ ಮೆಚ್ಚುತ್ತಿರಲಿಲ್ಲ. ಚಾನ್ ಪಂಥದ ವಿಹಾರಗಳಲ್ಲಿ ಭಿಕ್ಷುಗಳೇ ಹೊಲದಲ್ಲಿ ದುಡಿಯತೊಡಗಿದರು. ಪೈರು ತುಳಿಯಬಾರದೆಂದು ಮಳೆಗಾಲದಲ್ಲಿ ಒಂದೆಡೆ ನಿಂತವರ ಪರಂಪರೆ, ಇನ್ನೊಂದು ದೇಶದಲ್ಲಿ ಗುದ್ದಲಿ ಹಿಡಿಯಿತು.

ನಮ್ಮ ನಾಡಿನ ಸಾಕ್ಷ್ಯ

ಇಂಥ ದಾಟುವಿಕೆಗೆ ಕರ್ನಾಟಕವೇ ಒಂದು ದೊಡ್ಡ ಸಾಕ್ಷಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿಯೂ ಅಶೋಕನ ಶಾಸನಗಳಿವೆ. ಮಸ್ಕಿಯ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ‘ದೇವಾನಾಂಪ್ರಿಯ’ನೇ ಅಶೋಕನೆಂಬುದು ಅದರಿಂದ ಖಚಿತವಾಯಿತು. ಗಂಗಾ ಬಯಲಿನ ಮಾತು ಕ್ರಿ.ಪೂ. 3ನೇ ಶತಮಾನಕ್ಕೇ ನಮ್ಮ ಬಯಲುಸೀಮೆಯ ಬಂಡೆಗಳಿಗೆ ತಲುಪಿತ್ತು.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಕ್ರಿ.ಶ. 600ರ ಸುಮಾರಿನದೆನ್ನಲಾದ ಒಂದು ಶಾಸನವಿದೆ. ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು 12 ವರ್ಷಗಳ ಸಂಕಟಕಾಲ ಬರುವುದನ್ನು ಮುಂಗಂಡು ಹೇಳಿದ್ದರಿಂದ ಜೈನ ಸಂಘ ಉತ್ತರದಿಂದ ದಕ್ಷಿಣಕ್ಕೆ ಹೊರಟಿತೆಂದು ಅದು ಹೇಳುತ್ತದೆ. ಆ ಸಂಕಟವನ್ನು ಕ್ಷಾಮವೆಂದು ಜೈನ ಪರಂಪರೆ ನಂಬುತ್ತದೆ. ಗೃಹಸ್ಥರ ಅನ್ನವನ್ನೇ ನಂಬಿದ ಮುನಿಗಳಿಗೆ ಮಳೆ ಕೈಕೊಟ್ಟ ನಾಡಿನಲ್ಲಿ ಉಳಿಯಲು ಸಾಧ್ಯವೇ? ಮಳೆಯ ಕೊರತೆಯೂ ಧರ್ಮದ ಚರಿತ್ರೆಯನ್ನು ಬರೆಯುತ್ತದೆ. ಇಲ್ಲಿಗೆ ಬಂದ ಜೈನ ಧರ್ಮ ಕನ್ನಡವನ್ನು ತನ್ನದಾಗಿಸಿಕೊಂಡಿತು. ಪಂಪನ ಆದಿಪುರಾಣ 941ರದು; ಚಾವುಂಡರಾಯನು ನಿಲ್ಲಿಸಿದ ಗೊಮ್ಮಟ ಮೂರ್ತಿಯ ಕಾಲ ಸಾಮಾನ್ಯವಾಗಿ 981. ಹುಂಚದ ಪದ್ಮಾವತಿ, ಸಿಂಹನಗದ್ದೆಯ ಜ್ವಾಲಾಮಾಲಿನಿ ಯಕ್ಷಿಯರ ಆರಾಧನೆ ಈ ನೆಲದಲ್ಲಿ ಬಲವಾಗಿ ಬೆಳೆಯಿತು. ವೈಶಾಲಿಯ ಧರ್ಮ ಹೀಗೆ ಕನ್ನಡ ನಾಡಿನ ಧರ್ಮವೂ ಆಯಿತು.

ಓದುವ ವಿದ್ಯಾರ್ಥಿಗಳಿಗೆ

ಇದನ್ನೆಲ್ಲ ತಿಳಿಯುವುದರಿಂದ ಪ್ರಯೋಜನವೇನು? ನಮ್ಮ ಶಾಲೆಯಂಥ ಸರ್ಕಾರಿ ಶಾಲೆಯ ಒಂದೇ ಬೆಂಚಿನಲ್ಲಿ ಬೇರೆ ಬೇರೆ ಧರ್ಮಗಳ ಮನೆಗಳಿಂದ ಬಂದ ಮಕ್ಕಳು ಕೂರುತ್ತಾರೆ. ಒಬ್ಬರ ಆಚರಣೆ ಇನ್ನೊಬ್ಬರಿಗೆ ವಿಚಿತ್ರವಾಗಿ ಕಾಣುವುದು ಸಹಜ. ಕಾರಣ ತಿಳಿಯದ ಆಚರಣೆಯನ್ನು ಕಂಡು ನಗುವುದು ಸುಲಭ. ನಗುವಿನಿಂದ ಹಗೆತನಕ್ಕೆ ಬಹಳ ದೂರವಿಲ್ಲ. ಪ್ರತಿಯೊಂದು ಆಚರಣೆಯ ಹಿಂದೆ ಎಲ್ಲೋ ಒಂದು ಗದ್ದೆ, ಒಂದು ಬಾವಿ, ಬಾರದ ಮಳೆ, ಬಿಟ್ಟುಬಂದ ಊರು ಇರುತ್ತದೆ ಎಂದು ತಿಳಿದವರು ಬೇಗನೆ ನಗುವುದಿಲ್ಲ. ಮೊದಲು ಕೇಳುತ್ತಾರೆ.

ಅದೇ ರೀತಿ, ಯಾವುದೇ ಧರ್ಮವನ್ನು ‘ಅದು ಮರಳುಗಾಡಿನದು’, ‘ಇದು ಕಾಡಿನದು’ ಎಂದು ಒಂದು ಮಾತಿನಲ್ಲಿ ಮುಗಿಸುವುದೂ ತಪ್ಪು. ಹಾಗೆ ಹೇಳುವವರು ಆ ನೆಲದ ಮೇಲೆ ನಿಂತು ಯೋಚಿಸಿದ ಮನುಷ್ಯರನ್ನು ಮರೆತುಬಿಡುತ್ತಾರೆ. ಆದ್ದರಿಂದ ಮುಂದೆ ಯಾವ ಧರ್ಮದ ಪಾಠ ಓದುವಾಗಲೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಅಲ್ಲಿಯ ನೆಲ, ನೀರು, ದಾರಿಗಳು ಹೇಗಿದ್ದವು? ಅಲ್ಲಿಯ ಜನರನ್ನು ಕಾಡುತ್ತಿದ್ದ ಪ್ರಶ್ನೆ ಯಾವುದು? ಆ ಪ್ರಶ್ನೆಗೆ ಅದೇ ನೆಲದಲ್ಲಿ ಬೇರೆಯವರು ಕೊಟ್ಟ ಉತ್ತರಗಳೇನು? ಮೊದಲ ಎರಡಕ್ಕೆ ಭೂಪಟವೂ ಇತಿಹಾಸವೂ ನೆರವಾಗುತ್ತವೆ. ಮೂರನೆಯದಕ್ಕೆ ಗ್ರಂಥಾಲಯದ ಕಪಾಟು ತೆರೆಯಬೇಕು. ಐವತ್ತು ವರ್ಷ ಪೂರೈಸಿದ ನಮ್ಮ ಶಾಲೆಯಲ್ಲಿ ಭೂಪಟವೂ ಇದೆ, ಕಪಾಟೂ ಇದೆ. ಎರಡನ್ನೂ ಜೊತೆಗಿಟ್ಟು ಓದುವ ಮಕ್ಕಳು ಮುಂದೆಯೂ ಇಲ್ಲಿಗೆ ಬರುತ್ತಿರಲಿ ಎಂದು ಹಾರೈಸುತ್ತೇನೆ.